ಅತ್ತೆಯ ಶಾರ್ಕ್ ಹಲ್ಲುಗಳು

ನಮ್ಮ ಅತ್ತೆಯ ಮುಂದೆ ಬಾಯಿ ತೆರೆಯಲು ನನಗೆ ಭಯ. ಯಾವ ಸೊಸೆಗಿಲ್ಲ ಅನ್ನುತ್ತೀರಾ? ನನ್ನ ಭಯವೇ ಬೇರೆ. ಅವರು ನನ್ನ ಮಾತು ಕೇಳುವುದಿಲ್ಲ, ಹಲ್ಲು ನೋಡುತ್ತಾರೆ! “ನಿನ್ನ ಕೋರಿಹಲ್ಲು ಥೇಟ್ ಶಾರ್ಕಿಂದು” ಎಂದರು ಒಂದು ದಿನ. ಅದು ಹೊಗಳಿಕೆಯೇ ಎಂದು ನನ್ನ ಗಂಡ ಆಣೆ ಮಾಡಿ ಹೇಳಿದ.

ಧಾರವಾಡದ ಅತ್ತೆ, ಮೈಸೂರಿನ ನಾನು, ಮರಾಠಿ ನಾಡಿನ ವಾಕಡದಲ್ಲಿ ಪುಟ್ಟ ಫ್ಲ್ಯಾಟು. ಇಷ್ಟರ ನಡುವೆ ಶಾರ್ಕ್ ಎಲ್ಲಿಂದ ಬಂತು? ಕೆಳಗಿನ ಮನೆಯಲ್ಲಿ ಭೂವಿಜ್ಞಾನ ಕಲಿಸುವ ಮೇಡಂ ಒಬ್ಬರಿದ್ದಾರೆ. ಕಚ್ಛ್‌ನಿಂದ ಚೀಲಗಟ್ಟಲೆ ಮಣ್ಣು ತಂದಿದ್ದರು. ಹಿಂದೆ ಅಲ್ಲಿ ಸಮುದ್ರವಿತ್ತಂತೆ. ಶಾರ್ಕ್‌ಗಳ ಹಲ್ಲು ಉದುರಿ, ಕಲ್ಲಾಗಿ, ಮಣ್ಣಿನಲ್ಲಿ ಉಳಿದಿವೆಯಂತೆ. ಎಳ್ಳಿನಷ್ಟು, ಹೆಚ್ಚೆಂದರೆ ಜೀರಿಗೆಯಷ್ಟು. ಆರಿಸಲು ತಾಳ್ಮೆ ಇರುವವರು ಬೇಕು ಎಂದರು. ಜೀವನವಿಡೀ ಅಕ್ಕಿ ಆರಿಸಿದ್ದ ಅತ್ತೆ “ಕೊಡ್ರಿ ಇಲ್ಲೆ” ಎಂದುಬಿಟ್ಟರು!

ಊಟದ ಟೇಬಲ್ ಹೋಯಿತು. ಆಮೇಲೆ ಜರಡಿ.

“ಅತ್ತೆ, ಟೀ ಸೋಸೋದು ಎಲ್ಲಿ?”

“ಮಣ್ಣಿನ್ಯಾಗ ಅದ. ತೊಳದ್ ತಗೋ.”

ಭೂತಗನ್ನಡಿ ಹಿಡಿದು ಹಿಡಿದು ಅವರು ಪಂಡಿತರೇ ಆದರು. ಅಂಚಿಗೆ ಗರಗಸವಿದ್ದರೆ ಒಂದು ಜಾತಿ. ಅಂಚು ನುಣುಪಾಗಿದ್ದು ಪಕ್ಕದಲ್ಲಿ ಪುಟ್ಟ ಮೊನೆಗಳಿದ್ದರೆ ಇನ್ನೊಂದು. ಚಪ್ಪಟೆಯಾಗಿದ್ದರೆ ಶಾರ್ಕೇ ಅಲ್ಲ, ತೊರಕೆ ಮೀನು. ಜಾತಿಗೊಂದು ಡಬ್ಬಿ. ಯಾರ ಡಬ್ಬಿ? ನನ್ನ ಮಸಾಲೆಯವು! ಒಮ್ಮೆ ಸಾರಿಗೆ ಒಗ್ಗರಣೆ ಇಟ್ಟರೆ ಸಾಸಿವೆ ಸಿಡಿಯಲೇ ಇಲ್ಲ. ಅತ್ತೆ ಓಡಿಬಂದು ಒಲೆ ಆರಿಸಿ, “ಕೋಟಿಗಟ್ಟಲೆ ವರ್ಷ ಉಳದಿತ್ತು, ಇಕಿ ಕೈಯಾಗ ಸಿಕ್ತು!” ಎಂದು ಹಣೆ ಚಚ್ಚಿಕೊಂಡರು.

ಜೇಜುರಿಯ ಗುಡ್ಡದ ದೇವಸ್ಥಾನದಲ್ಲಂತೂ ಮಾನವೇ ಹೋಯಿತು. ಖಂಡೋಬಾನ ಪಾದಕ್ಕೆ ಮುಟ್ಟಿಸಬೇಕೆಂದು ಒಂದು ಅಪರೂಪದ ಹಲ್ಲನ್ನು ಸೆರಗಿನ ತುದಿಗೆ ಕಟ್ಟಿ ತಂದಿದ್ದರು. ಮೆಟ್ಟಿಲ ಮೇಲೆ ಗಂಟು ಬಿಚ್ಚಿಕೊಂಡಿತು. ಹಲ್ಲು ಭಕ್ತರು ಎರಚಿದ್ದ ಅರಿಸಿನದ ಪುಡಿಯಲ್ಲಿ ಮಾಯ! ಅತ್ತೆ ಮಂಡಿಯೂರಿ ಹುಡುಕತೊಡಗಿದರು. ವಿಜಯಪುರದ ಕಡೆಯ ಯಾತ್ರಿಕರು ಪಾಪ, ತಾವೂ ಬಗ್ಗಿದರು.

“ಬಂಗಾರದ್ದೇನ್ರಿ, ಅಮ್ಮಾರ?”

“ಅಲ್ರಿ, ಹಲ್ಲು.”

“ನಿಮ್ಮದೇನ್ರಿ?”

“ಶಾರ್ಕಿಂದು!”

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ನಮಗೂ ದೇವರಿಗೂ ಒಟ್ಟಿಗೇ ಕೈಮುಗಿದು ಹೊರಟುಹೋದರು.

ಹೀಗಿರುವಾಗ ಮೇಡಂ ಒಂದು ಸಂಜೆ ನನ್ನನ್ನು ಲಿಫ್ಟಿನ ಹತ್ತಿರ ತಡೆದು, ಮರಾಠಿಯಲ್ಲಿ ಮೆಲ್ಲಗೆ ಹೇಳಿದರು: ಕಾಕೂ, ಅಂದರೆ ನಮ್ಮ ಅತ್ತೆ, ಈಚೆಗೆ ಕೊಡುವ ಡಬ್ಬಿಗಳಲ್ಲಿ ಜಾತಿಗಳೆಲ್ಲ ಕಲಬೆರಕೆ. ಹಲ್ಲಿಗಿಂತ ಮರಳೇ ಹೆಚ್ಚು.

ಸಿಕ್ಕಿತಲ್ಲ ಜಗಳಕ್ಕೊಂದು ದಾರಿ! ಮೇಲೆ ಹೋದವಳೇ ಡಬ್ಬಿಯಿಂದ ಒಂದು ಕಾಳನ್ನು ತೆಗೆದು ಅತ್ತೆಯ ಮುಂದೆ ಹಿಡಿದೆ. “ಇದೇನು ಹೇಳಿ, ಅತ್ತೆ?”

ಭೂತಗನ್ನಡಿಯನ್ನು ಹತ್ತಿರ ತಂದರು, ದೂರ ಒಯ್ದರು. ಆಮೇಲೆ ಕೆಳಗಿಟ್ಟರು.

“ಸುತ್ತ ಕಾಣ್ತದ. ನಡುವ ಮಬ್ಬು. ಭಾಳ ದಿನಾತು.”

ಕಣ್ಣಿನ ಡಾಕ್ಟರಿಗೆ ತೋರಿಸಿದೆವು. ಹೋದ ದೃಷ್ಟಿ ಬಾರದು, ಉಳಿದದ್ದನ್ನು ಕಾಪಾಡಬಹುದು ಎಂದರು. ಮನೆಗೆ ಬಂದ ಅತ್ತೆ ಮಣ್ಣನ್ನೆಲ್ಲ ಚೀಲಕ್ಕೆ ತುಂಬಿ ಬಾಯಿ ಕಟ್ಟಿದರು. “ಮೇಡಮ್ಮಗ ಕೊಟ್ಟ ಬಾ. ನಿನಗೂ ಟೇಬಲ್ ಸಿಗ್ತದ.”

ಇಷ್ಟು ದಿನ ನಾನು ಬೇಡಿಕೊಂಡಿದ್ದೂ ಅದನ್ನೇ. ಖಾಲಿ ಟೇಬಲ್ ನೋಡಲಾಗಲಿಲ್ಲ. ಗಂಟು ಬಿಚ್ಚಿ ಒಂದು ಹಿಡಿ ಮಣ್ಣನ್ನು ತಟ್ಟೆಗೆ ಸುರಿದೆ, ಗಾಜು ಹಿಡಿದು ಕುಳಿತೆ.

“ಒಂದು ಸಿಕ್ತು, ಅತ್ತೆ. ಮೂರು ಮೂಲೆ ಇದೆ.”

ಅವರು ಚೀಲದ ಬಾಯಿಯನ್ನು ಮತ್ತೆ ಕಟ್ಟತೊಡಗಿದರು.

“ತುದಿ ಸ್ವಲ್ಪ ಬಾಗಿದೆ.”

“...ಅಂಚು?”

“ಏನೋ ಸಣ್ಣ ಸಣ್ಣ ಹಲ್ಲಿನ ಹಾಗೆ ಇದೆ.”

“ಗರಗಸ ಅನ್ನು! ಎರಡೂ ಕಡೆ ಅದ ಏನು? ಬೇರು ಮುರದದ ಏನು? ಸರಿಯಾಗಿ ನೋಡ, ಹುಚ್ಚಿ!” ಅತ್ತೆ ಕುರ್ಚಿ ಎಳೆದುಕೊಂಡು ನನ್ನ ಭುಜಕ್ಕೆ ಭುಜ ತಾಗಿಸಿ ಕುಳಿತರು.

“ಹೊತ್ತಾಯ್ತು ಅತ್ತೆ, ಅಡುಗೆ?”

“ನಿನ್ನ ಗಂಡ ಮಾಡ್ತಾನ. ನೀ ಮುಂದಿಂದು ಹೇಳು.”