ಮಾರಾಯ ಪ್ರಕರಣ

೨೦೨೪ರ ಫೆಬ್ರವರಿ ೧೧, ಭಾನುವಾರ. ಬಿಸಿಲು, ಗಾಳಿ ಇರಲಿಲ್ಲ. ಆ ದಿನ ಕಾಟಿಪಳ್ಳದ ಮೈದಾನದಲ್ಲಿ ಕಾಟಿಪಳ್ಳ ಮತ್ತು ಶಾರ್ಜಾ ನಡುವೆ ಅಂತರರಾಷ್ಟ್ರೀಯ ಕಬಡ್ಡಿ ಪಂದ್ಯ ನಡೆಯಿತು. ಶಾರ್ಜಾ ತಂಡದವರೆಲ್ಲರೂ ಕಾಟಿಪಳ್ಳದವರೇ. ರಜೆಯಲ್ಲಿ ಊರಿಗೆ ಬಂದಿದ್ದರು.

ಗೆಲುವಿನ ಅಂಕ ತಂದವನಿಗೆ ಬಹುಮಾನ, ಅಂಗಡಿ ಮಮ್ಮು ಅವರು ಕೊಟ್ಟ ಫ್ರಿಜ್. ಕಾಟಿಪಳ್ಳ ತಂಡದ ದೀಪೇಶನ ತಾಯಿ ಕಿನ್ನಿ ಐಸ್‌ಕ್ಯಾಂಡಿ ವ್ಯಾಪಾರಕ್ಕೆ ಅದನ್ನೇ ನಂಬಿದ್ದರು. ಅಡುಗೆಮನೆಯಲ್ಲಿ ಜಾಗವನ್ನೂ ಗುಡಿಸಿಟ್ಟಿದ್ದರು.

ಕೊನೆಯ ಅಂಕಕ್ಕೆ ದೀಪೇಶ ಎದುರಾಳಿಗಳ ಅಂಗಳಕ್ಕೆ ನುಗ್ಗಿದ. ಶಾರ್ಜಾದ ಸಿದ್ದೀಕ್, ಅಂದರೆ ಅವನ ನೆರೆಮನೆಯವನು, ಕಾಲು ಹಿಡಿದ. "ಕಬಡ್ಡಿ, ಕಬಡ್ಡಿ, ಮಾರಾಯ, ಕಬಡ್ಡಿ" ಎನ್ನುತ್ತ ದೀಪೇಶ ಗೆರೆ ಮುಟ್ಟಿದ. ನಡುವೆ ಬೇರೆ ಮಾತಾಡಿದರೆ ಔಟ್. ವಿವಾದವು ಸ್ವತಂತ್ರ ಮಧ್ಯಸ್ಥಿಕೆಗೆ ಹೋಯಿತು.

ಮಧ್ಯಸ್ಥರು ಮೂರನೆಯ ದೇಶದವರಾಗಿರತಕ್ಕದ್ದು. ಜೆಪ್ಪುವಿನ ಇರ್ವಿನ್ ಅವರು ಬಹರೈನ್‌ನಲ್ಲಿದ್ದು ಬಂದವರು; ಅವರೊಬ್ಬರೇ ಮಧ್ಯಸ್ಥಿಕೆ ಮಂಡಳಿ. ಕಬಡ್ಡಿ ನೋಡಿಯೇ ಇಲ್ಲವಾದ್ದರಿಂದ ಪಕ್ಷಪಾತದ ಶಂಕೆಯೂ ಇರಲಿಲ್ಲ. ಫ್ರಿಜ್ಜನ್ನು ಮಂಡಳಿಯ ಸುಪರ್ದಿಗೆ, ಎಂದರೆ ಅವರ ಊಟದ ಕೋಣೆಗೆ, ಸಾಗಿಸಲಾಯಿತು. ಸುಸ್ಥಿತಿಯ ದೈನಂದಿನ ಪರಿಶೀಲನೆಗಾಗಿ ಅದರೊಳಗೆ ಮೀನು ಇಡಲಾಯಿತು.

"ಅದು ಮಾತಲ್ಲ ಮಾರಾಯ್ರೆ, ಉಸಿರು," ಎಂದ ದೀಪೇಶ.

"ಎಂತ ಉಸಿರು? ನನ್ನನ್ನೇ ಕರೆದದ್ದು," ಎಂದ ಸಿದ್ದೀಕ್. "ಎಂತ ಅಂತ ಕೇಳ್ಲಿಕ್ಕೆ ಹೋಗಿ ಕೈ ಸಡಿಲಾಯ್ತು ಮಾರಾಯ್ರೆ."

"ಟೀಚರ್ ಹಾಜರಿ ಕರೆದ್ರೂ ಓಗೊಡದವ ನೀನು."

ವಿಚಾರಣೆ ಮುಗಿಯುವವರೆಗೆ ವಿವಾದಿತ ಪದವನ್ನು ಯಾರೂ ಬಳಸಕೂಡದೆಂದು ಮಂಡಳಿ ಮಧ್ಯಂತರ ಆದೇಶ ಹೊರಡಿಸಿತು. ಅಲ್ಲಿಂದ ಮುಂದೆ ಯಾರಿಗೂ ವಾದ ಹೊರಡಲಿಲ್ಲ. ಬಾಯಿ ತೆರೆದರು, ಮುಚ್ಚಿದರು. ಫ್ರಿಜ್ಜಿನ ಸದ್ದೊಂದೇ ಕೇಳುತ್ತಿತ್ತು. ಕೊನೆಗೆ ಇರ್ವಿನ್ ಅವರೇ, "ಎಂತ ಮಾರಾಯ್ರೆ, ಒಬ್ಬರಾದ್ರೂ ಮಾತಾಡಿ," ಎಂದರು.

ಮರುವಾರ ತೀರ್ಪು ಬಂತು: 'ಸದರಿ ಪದವಿಲ್ಲದೆ ಈ ಭಾಗದಲ್ಲಿ ಉಸಿರಾಟ ಸಾಧ್ಯವಿಲ್ಲವೆಂಬುದು ಮಂಡಳಿಯ ಸ್ವಂತ ಅನುಭವಕ್ಕೂ ಬಂದಿರುವುದರಿಂದ, ಅದು ಮಾತಲ್ಲ, ಉಸಿರು. ದೀಪೇಶನಿಗೆ ಜಯ. ಬಹುಮಾನದಿಂದ ಮಂಡಳಿಯ ಶುಲ್ಕವನ್ನು ಮುರಿದುಕೊಂಡು, ಉಳಿದುದನ್ನು ವಿಜೇತರಿಗೆ ಪಾವತಿಸತಕ್ಕದ್ದು.'

ದೀಪೇಶನನ್ನು ಸಿದ್ದೀಕನೇ ಬೈಕಿನಲ್ಲಿ ಮನೆಗೆ ಕರೆತಂದ. ಕಿನ್ನಿ ಬಾಗಿಲಲ್ಲಿ ನಿಂತಿದ್ದರು.

"ಗೆದ್ದಿಯಾ?"

"ಗೆದ್ದೆ."

"ಫ್ರಿಜ್ ಹಿಂದಿನಿಂದ ಟೆಂಪೋದಲ್ಲಿ ಬರ್ತದಾ?"

"ಅದು ಶುಲ್ಕಕ್ಕೆ ಹೋಯ್ತಮ್ಮ. ಉಳಿದದ್ದು ಇಲ್ಲುಂಟು."

ದೀಪೇಶ ಚೀಲದಿಂದ ಐಸ್ ಟ್ರೇ ತೆಗೆದು ಕೊಟ್ಟ. ಕಿನ್ನಿ ಅದನ್ನು ಬೆಳಕಿಗೆ ಹಿಡಿದು, ಮಗುಚಿ, ಮೂಲೆಗಳನ್ನು ಒತ್ತಿ ನೋಡಿದರು.

"ಗಟ್ಟಿ ಉಂಟು," ಎಂದು ಸಿದ್ದೀಕನ ಕಡೆ ತಿರುಗಿದರು. "ನಿಮ್ಮ ಫ್ರಿಜ್ಜಲ್ಲಿ ಜಾಗ ಉಂಟಾ ಮಾರಾಯ?"