ಮುನ್ನೂರು ರೇಷ್ಮೆ ಹುಳುಗಳ ಅಕ್ಷರಾಭ್ಯಾಸ

ಮೂವತ್ತೆಂಟು ವರ್ಷ ಮರ್ಗಿಲಾನ್ ರಸ್ತೆಯಲ್ಲಿ ಬಸ್ಸು ಓಡಿಸಿದ ಮಮಾಸೋಲಿ ನಾನು. ನನ್ನ ಹಾರನ್ ಕೇಳಿ ಕತ್ತೆಗಳು ದಾರಿ ಬಿಟ್ಟಿವೆ, ಪೊಲೀಸರು ಸಲಾಂ ಹೊಡೆದಿದ್ದಾರೆ, ಒಮ್ಮೆ ಒಂದು ಸೇತುವೆಯೇ ಅರ್ಧ ಗೇಣು ಪಕ್ಕಕ್ಕೆ ಸರಿದು ನಿಂತದ್ದುಂಟು. ಇಂಥ ನನಗೆ ಐದು ವರ್ಷದ ಮೊಮ್ಮಗಳಿಗೆ ಒಂದೇ ಒಂದು ಅಕ್ಷರ ಕಲಿಸುವುದು ಯಾವ ಮಹಾ ಕೆಲಸ? "ಶನಿವಾರದೊಳಗೆ ಕಲಿಸದಿದ್ದರೆ ನನ್ನ ಮೀಸೆ ನನ್ನದಲ್ಲ" ಎಂದು ಚಹಾ ಬಟ್ಟಲನ್ನು ಕುಕ್ಕಿ ಘೋಷಿಸಿಯೇಬಿಟ್ಟೆ.

ಹೆಂಡತಿ ಇನೋಬತ್ ಹಿಟ್ಟು ನಾದುತ್ತಿದ್ದವಳು ತಲೆಯನ್ನೂ ಎತ್ತಲಿಲ್ಲ. "ಬಸ್ಸಿಗಾದ್ರೆ ಬ್ರೇಕ್ ಇತ್ತು ರೀ" ಎಂದಳು.

ವಿಷಯ ಇಷ್ಟು. ಶನಿವಾರ ಶಿಶುವಿಹಾರದಲ್ಲಿ ಪ್ರತಿ ಮಗುವೂ ಎಲ್ಲರೆದುರು ತನ್ನ ಹೆಸರಿನ ಮೊದಲ ಅಕ್ಷರ ಬರೆಯಬೇಕು. ನಮ್ಮವಳು ಸರ್ವಿನೋಜ್. ಅವಳ ಪಾಲಿಗೆ ಬಂದದ್ದು ಸಕಾರ, ನಮ್ಮ ಲಿಪಿಯಲ್ಲಿ 'S', ಸೊಂಟವನ್ನು ಒಮ್ಮೆ ಅತ್ತ ಒಮ್ಮೆ ಇತ್ತ ಬಳುಕಿಸಿಕೊಂಡು ನಿಂತ ಅಕ್ಷರ. ಹೋದ ತಿಂಗಳು ಅದನ್ನು ಹಿಂದುಮುಂದಾಗಿ ಬರೆದಳಂತೆ, ತರಗತಿಯೆಲ್ಲ ನಕ್ಕಿತಂತೆ. ಅಂದಿನಿಂದ ಸೀಮೆಸುಣ್ಣ ಕಂಡರೆ ಮಗು ಮೇಜಿನ ಕೆಳಗೆ ಹೋಗಿ ಕೂರುತ್ತಿತ್ತು. ಯಾಕಮ್ಮ ಎಂದು ಅವಳ ಬುವಾ, ಎಂದರೆ ತಾತನಾದ ನಾನು, ಕೇಳಿದ್ದಕ್ಕೆ, "ಅಕ್ಷರಕ್ಕೆ ನಾನಂದ್ರೆ ಇಷ್ಟ ಇಲ್ಲ ಬುವಾ" ಎಂದಳು, ಮಾತು ಬಿಟ್ಟ ನೆಂಟರ ಬಗ್ಗೆ ಹೇಳುವ ಹಾಗೆ. ಹೆಣ ಹೊತ್ತವರನ್ನೂ ನಗಿಸಿದ ಬಾಯಿ ನನ್ನದು. ಅವತ್ತು ಮಾತ್ರ ನಾನೂ ಮೇಜಿನ ಕೆಳಗೆ ತೂರಿ ಅವಳ ಪಕ್ಕ ಕೂತೆ.

ಅವಳ ಟೀಚರು ಮುನಿರಾ ಓಪಾ, ಅಂದರೆ ಮುನಿರಾ ಅಕ್ಕ, ಒಂದು ದಾರಿ ಹೇಳಿಕೊಟ್ಟಿದ್ದರು. ಪುಸ್ತಕ, ಸೀಮೆಸುಣ್ಣ ಎರಡನ್ನೂ ಬಚ್ಚಿಡಿ, ಮಣ್ಣು, ಎಲೆ, ಹೂವು, ಹಣ್ಣುಗಳಲ್ಲಿ ಅಕ್ಷರ ಮಾಡಿಸಿ, ಮಗು ಮುಟ್ಟಲಿ, ಮೂಸಲಿ, ಕಿವಿಯಿಟ್ಟು ಕೇಳಲಿ, ಬೆರಳಿಗೆ ಗುರುತು ಹತ್ತಿದ್ದು ಕಣ್ಣಿಗೂ ಹತ್ತುತ್ತದೆ ಎಂದು.

ಸೋಮವಾರ ಕಾಲುವೆಯ ಕೆಸರು ತಂದೆ. ಸರ್ವಿನೋಜ್ ಅದರಲ್ಲಿ ಒಂದು ತಂದೂರು ಕಟ್ಟಿ ನಲವತ್ತು ರೊಟ್ಟಿ ಸುಟ್ಟಳು. ಹನ್ನೊಂದನ್ನು ನಾನು ತಿಂದಂತೆ ನಟಿಸಬೇಕಾಯಿತು, ಹನ್ನೆರಡನೆಯದರಲ್ಲಿ ನಟನೆ ಸ್ವಲ್ಪ ಹೆಚ್ಚಾಗಿ ನಿಜವಾಗಿಯೂ ಒಂದು ತುಂಡು ಒಳಗೆ ಹೋಯಿತು. ಮಂಗಳವಾರ ಕರಿ ಹಿಪ್ಪುನೇರಳೆ ಹಣ್ಣನ್ನು ಅಕ್ಷರದಂತೆ ಜೋಡಿಸಿದೆ. ನಾನು ಬಾಲ ಮುಗಿಸುವಷ್ಟರಲ್ಲಿ ಅವಳು ತಲೆ ತಿಂದಿದ್ದಳು, ನಡು ಒಂದೇ ಉಳಿದು ಏನು ಸುಖ ಎಂದು ಅದನ್ನು ನಾನು ತಿಂದೆ. ಬುಧವಾರ ಪುದೀನ ಹಾಸಿ ಘಮಘಮಿಸುವ ಅಕ್ಷರ ಬರೆದೆ. ನಮ್ಮ ಮೇಕೆ ಬಂದು ಆಸಕ್ತಿಯಿಂದ ಕೊನೆಯವರೆಗೂ ಓದಿತು.

ಗುರುವಾರ ಬಂತು. ಉಳಿದದ್ದು ಹುಳುಮನೆ ಒಂದೇ.

ಮೇ ತಿಂಗಳಲ್ಲಿ ನಮ್ಮ ಮನೆಯ ದೊಡ್ಡ ಕೋಣೆ ನಮ್ಮದಲ್ಲ, ರೇಷ್ಮೆ ಹುಳುಗಳದ್ದು. ಮೊಟ್ಟೆಯ ಗಂಟನ್ನು ಇನೋಬತ್ ಹತ್ತು ದಿನ ಎದೆಗವಚಿಕೊಂಡು ಕಾವು ಕೊಟ್ಟು ಮರಿ ಮಾಡುತ್ತಾಳೆ. ಆ ಹತ್ತು ದಿನ ನಾನು ಕೆಮ್ಮಬೇಕಾದರೂ ಅಂಗಳಕ್ಕೆ ಹೋಗಬೇಕು. ಆಮೇಲೆ ಹುಳುಮನೆಗೆ ಪರರ ಕಣ್ಣು ಬೀಳಬಾರದು, ಸದ್ದಾಗಬಾರದು, ಈರುಳ್ಳಿಯ ವಾಸನೆಯೂ ಸುಳಿಯಬಾರದು. ನಲವತ್ತು ವರ್ಷದಿಂದ ನನ್ನ ಕೆಲಸ ಸೊಪ್ಪಿನ ರೆಂಬೆ ಕಡಿದು ತಂದು ಹೊಸ್ತಿಲ ಹೊರಗಿಟ್ಟು ಹಿಂದಿರುಗುವುದು. ಒಳಗೆ ಕಾಲಿಟ್ಟವನಲ್ಲ.

ಮಧ್ಯಾಹ್ನ ಇನೋಬತ್ ನೆರೆಮನೆಯ ತೊಟ್ಟಿಲ ಊಟಕ್ಕೆ ಹೋದಳು. ನಾವಿಬ್ಬರೂ ಎರಡೆರಡು ಸಲ ಕೈ ತೊಳೆದು, ಉಸಿರು ಬಿಗಿಹಿಡಿದು ಒಳಗೆ ನುಸುಳಿದೆವು. ಸಾವಿರಾರು ಹುಳು ಸೊಪ್ಪು ಮೇಯುವ ಸದ್ದು. ಸರ್ವಿನೋಜ್ ಕಿವಿಯಿಟ್ಟಳು. "ಮಳೆ" ಎಂದು ಪಿಸುಗುಟ್ಟಿದಳು.

ಮುನ್ನೂರು ಹುಳುಗಳನ್ನು ತಟ್ಟೆಯಲ್ಲಿ ತುಂಬಿಕೊಂಡು ಅತಿಥಿಗಳ ಕೋಣೆಗೆ ತಂದೆ. ನೆಲದ ಮೇಲೆ ಬಿಳಿ ಬಟ್ಟೆ ಹಾಸಿ, ಸೊಪ್ಪನ್ನು ಸಕಾರದಂತೆ ಬಳುಕಿಸಿ ಹರಡಿ ಹುಳುಗಳನ್ನು ಬಿಟ್ಟೆ. ಬೆರಳುದ್ದದ ಹುಳುಗಳೆಲ್ಲ ಸರಸರನೆ ಎಲೆ ಹತ್ತಿದವು. ನಮ್ಮ ಕಣ್ಣೆದುರು ಒಂದು ಅಕ್ಷರ ಜೀವ ತಳೆದು ಉಸಿರಾಡತೊಡಗಿತು! ಮಗು ಬೋರಲು ಮಲಗಿ, ಆ ತಂಪು ಮೆತ್ತನೆ ಬೆನ್ನುಗಳ ಮೇಲೆ ಒಂದೇ ಬೆರಳನ್ನು ತಲೆಯಿಂದ ಬಾಲದವರೆಗೆ ಹಾಯಿಸಿತು. ಮತ್ತೊಮ್ಮೆ. ಇನ್ನೊಮ್ಮೆ.

"ಇದು ನನ್ನ ಅಕ್ಷರಾನಾ ಬುವಾ?"

"ನಿನ್ನದೇ."

"ಕಚ್ಚಲ್ಲ" ಎಂದಳು, ಆಶ್ಚರ್ಯದಿಂದ.

ನನ್ನ ತಲೆ ಉಬ್ಬಿ ಟೋಪಿಯ ಹೊಲಿಗೆ ಪಟಪಟ ಎಂದಿತು. ಅಷ್ಟರಲ್ಲಿ ಇನ್ನೂ ದೊಡ್ಡ ಪವಾಡ ನಡೆಯಿತು. ಹುಳುಗಳು ಮೇಯುವುದನ್ನು ಒಂದೊಂದಾಗಿ ನಿಲ್ಲಿಸಿ, ತಲೆ ಎತ್ತಿ, ಮೆಲ್ಲಗೆ ತೂಗುತ್ತ ನನ್ನನ್ನೇ ನೋಡತೊಡಗಿದವು. ಕೆಲವಂತೂ ಭಕ್ತಿಯಿಂದ ದ್ರಾಕ್ಷಿಯ ಹಾಗೆ ಒಳಗಿನಿಂದ ಹೊಳೆಯುತ್ತಿದ್ದವು. "ನೋಡು, ನನ್ನ ಪಾಠ ಕೇಳ್ತಾ ಇವೆ" ಎಂದೆ. ನಲವತ್ತು ಸೀಟಿನ ಬಸ್ಸಿನಲ್ಲಿ ಒಬ್ಬ ಪ್ರಯಾಣಿಕನೂ ನನ್ನ ಮಾತನ್ನು ಇಷ್ಟು ಗಮನವಿಟ್ಟು ಕೇಳಿದವನಲ್ಲ. ಸಭೆಯನ್ನು ನಿರಾಶೆಗೊಳಿಸಬಾರದೆಂದು ಸೇತುವೆ ಸರಿದ ಕಥೆಯನ್ನು ಮೊದಲಿಂದ ಹೇಳಿದೆ. ಮೊದಲು ಮಗು ನಿದ್ದೆ ಹೋಯಿತು, ಬೆನ್ನಿಗೇ ನಾನು.

ಎದ್ದಾಗ ಮೇದುಳಿದ ಸೊಪ್ಪಿನ ಸಕಾರ ಅಲ್ಲೇ ಇತ್ತು. ಹುಳುಗಳಿರಲಿಲ್ಲ.

ತಲೆ ಎತ್ತಿ ತೂಗುವ ಹುಳು ಪಾಠ ಕೇಳುವುದಿಲ್ಲ, ಅದು ಹಣ್ಣಾಗಿದೆ, ಗೂಡು ಕಟ್ಟಲು ಜಾಗ ಹುಡುಕುತ್ತಿದೆ. ಇದು ನಮ್ಮ ಕಣಿವೆಯ ಹೆಂಗಸರಿಗೆಲ್ಲ ಗೊತ್ತು. ನನಗೆ ಗೊತ್ತಿದ್ದದ್ದು ಗೇರ್ ಬಾಕ್ಸ್. ಮದುವೆಗೆಂದು ಪೇರಿಸಿಟ್ಟ ಹೊದಿಕೆಗಳ ಮಡಿಕೆಯಲ್ಲಿ, ರೇಡಿಯೋದ ಹಿಂದೆ, ನನ್ನ ಬೂಟಿನೊಳಗೆ, ಒಳ್ಳೆಯ ಕೋಟಿನ ತೋಳಿನಲ್ಲಿ, ಚಹಾ ಕುಡಿಕೆಯ ಮೂತಿಯಲ್ಲಿ, ಎಲ್ಲೆಲ್ಲೂ ಹುಳು.

ಇನೋಬತ್ ಬಂದು ಬಾಗಿಲಲ್ಲಿ ನಿಂತಳು. ಅವಳು ಕೂಗಾಡುವವಳಲ್ಲ, ಅದೇ ಭಯ.

"ಹುಳುಮನೆ ಹೊಸ್ತಿಲು ದಾಟಿದ್ರಾ?"

"ಪಾಠಕ್ಕೆ ಅಂತ..."

"ಯಾರಿಗೆ?"

ಸರ್ವಿನೋಜ್ ನನ್ನ ಅಂಗಿಯ ಹಿಂದೆ ಅವಿತಳು. ಆ ಪುಟ್ಟ ಮುಷ್ಟಿ ನನ್ನ ಬೆನ್ನನ್ನು ಹಿಡಿದುಕೊಂಡಾಗ ನನಗೆ ಹೊಳೆಯಿತು. ಈಗ ಬೈಗುಳ ಬಿದ್ದರೆ ಈ ಅಕ್ಷರಕ್ಕೂ ಮಗುವಿಗೂ ಜನ್ಮದಲ್ಲಿ ಮಾತುಕತೆ ಇರುವುದಿಲ್ಲ.

"ತಪ್ಪು ನನ್ನದು" ಎಂದೆ. "ಬೈಯೋದಿದ್ರೆ ನನ್ನನ್ನ ಬೈ. ಅಕ್ಷರಕ್ಕೆ ಮಾತ್ರ ಏನೂ ಅನ್ನಬೇಡ."

ಇನೋಬತ್ ನನ್ನನ್ನು ನೋಡಿದಳು, ನನ್ನ ಹಿಂದಿದ್ದ ಎರಡು ಜಡೆಗಳನ್ನು ನೋಡಿದಳು, ಅಂಗಿಯ ತೋಳು ಮೇಲೇರಿಸಿದಳು. ಹರಿದಾಡುವ ಹುಳುಗಳನ್ನು ಎತ್ತಿ ಒಣಕಡ್ಡಿಯ ಪೊದೆಗೆ ಬಿಡಬೇಕು, ಆಗಲೇ ನೂಲು ಬಿಡಲು ಕೂತವನ್ನು ಮುಟ್ಟಲೇಬಾರದು ಎಂದು ಅಪ್ಪಣೆಯಾಯಿತು. "ಮಗಳೇ, ನಿನ್ನ ಕಣ್ಣು ಚುರುಕು. ಕೂತಿರೋವು ಎಲ್ಲೆಲ್ಲಿವೆ ನೋಡಿ ಹೇಳು, ನಿನ್ನ ಬುವಾ ಅದರ ಮೇಲೇ ಕೂತಾರು."

ಸರ್ವಿನೋಜ್ ಹುಡುಕಿದಳು. ಅವಳು ತೋರಿಸಿದ ಜಾಗ ಮರುಕ್ಷಣವೇ ನನಗೆ ಮರೆತುಹೋಗುತ್ತಿತ್ತು. ಎರಡು ಸಲ ನನ್ನ ಕೈ ಗೂಡಿನ ಮೇಲೇ ಬಿತ್ತು. ಮಗು ನಿಟ್ಟುಸಿರುಬಿಟ್ಟು ಹೊರಗೆ ಹೋಗಿ, ತಂದೂರಿನಿಂದ ಒಂದು ತುಂಡು ಇದ್ದಿಲು ತಂದಳು. ಗೂಡಿನ ಪಕ್ಕದ ಸುಣ್ಣದ ಗೋಡೆಯ ಮೇಲೆ ಏನೋ ಗೀಚಿ, ನೆಲದ ಸೊಪ್ಪನ್ನು ಒಮ್ಮೆ ನೋಡಿ, ತಲೆಯಾಡಿಸಿ, ಅಂಗೈಯಿಂದ ಒರೆಸಿದಳು. ಮತ್ತೆ ಬರೆದಳು. ಒಂದು ಬಳುಕು ಅತ್ತ, ಒಂದು ಬಳುಕು ಇತ್ತ.

ಅಸಲಿ ಸಕಾರ!

ಇನೋಬತ್‌ಳ ಕೈ ನಿಂತೇ ಹೋಯಿತು. ನಾನು ಭೇಷ್ ಎನ್ನಲು ಬಾಯಿ ತೆರೆದೆ, ಅವಳು ನನ್ನ ಕಾಲು ತುಳಿದಳು. ಇಬ್ಬರೂ ಏನೂ ಕಾಣದವರಂತೆ ಹುಳು ಆರಿಸಿದೆವು. ಕತ್ತಲಾಗುವುದರೊಳಗೆ ಗೋಡೆಗೆ, ಪೆಟ್ಟಿಗೆಗೆ, ರೇಡಿಯೋಗೆ, ನನ್ನ ಬೂಟಿಗೆ, ಕೋಟಿಗೆ, ಎಲ್ಲಕ್ಕೂ ಸೇರಿ ಅರವತ್ತಮೂರು ಸಕಾರ ಬಿದ್ದಿದ್ದವು. ಸುಣ್ಣ ಹೊಡೆಸುವ ಮಾತನ್ನು ಇನೋಬತ್ ಈವರೆಗೂ ಎತ್ತಿಲ್ಲ.

ಶನಿವಾರ ನನ್ನ ಬೂಟು, ಕೋಟು ಎರಡರಲ್ಲೂ ರೇಷ್ಮೆ ನೇಯ್ಗೆ ನಡೆದಿತ್ತು. ಹಳೇ ಚಪ್ಪಲಿ ಮೆಟ್ಟಿ, ನೆರೆಯವನಿಂದ ಕಡ ತಂದ ಮೊಣಕೈವರೆಗಿನ ಕೋಟು ತೊಟ್ಟು ಶಿಶುವಿಹಾರದಲ್ಲಿ ಮುಂದಿನ ಸಾಲಿನಲ್ಲೇ ಕೂತೆ. ಸರ್ವಿನೋಜ್ ನಡೆದು ಹೋಗಿ ಹಲಗೆಯ ಈ ತುದಿಯಿಂದ ಆ ತುದಿಯವರೆಗೆ ಅಕ್ಷರ ಬಳುಕಿಸಿದಳು. ಯಾರೂ ನಗಲಿಲ್ಲ, ಚಪ್ಪಾಳೆ ಬಿತ್ತು. ಮುನಿರಾ ಓಪಾ ಬಗ್ಗಿ, ಯಾರು ಕಲಿಸಿದರಮ್ಮ ಎಂದು ಕೇಳಿದರು. ನಾನು ಕಾಲರು ಸರಿಮಾಡಿಕೊಂಡು ಅರ್ಧ ಎದ್ದೂ ನಿಂತೆ.

"ಹುಳುಗಳು" ಎಂದಳು.

"ಮತ್ತೆ ನಿಮ್ಮ ಬುವಾ?"

ಮಗು ನನ್ನತ್ತ ತುಂಬ ಕನಿಕರದಿಂದ ನೋಡಿತು.

"ಬುವಾನೂ ನನ್ನ ಪಕ್ಕದಲ್ಲೇ ಕೂತು ಕಲೀತಿದ್ರು ಓಪಾ. ತುಂಬಾ ಮಾತಾಡ್ತಾರೆ, ಅದಕ್ಕೇ ಇನ್ನೂ ಬಂದಿಲ್ಲ."