ಅನಾಮಿಕ ಮೊಸಳೆ

ಮುನೀಂದ್ರನ ಹೆಬ್ಬೆರಳು ಸ್ವಲ್ಪ ದಪ್ಪ. ನಲವತ್ತಾರು ವರ್ಷ ಅದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಆ ಶನಿವಾರ ಬೆಳಿಗ್ಗೆ ಹೊಸಕೋಟೆಯ ಬಸ್ ಸ್ಟ್ಯಾಂಡಿನ ಮುಂದೆ ಕಂಪನಿ ವ್ಯಾನಿಗೆ ಕಾಯುತ್ತಾ, ಬೆಂಗಳೂರಿನ ಪ್ರಕಾಶಕ ಶ್ರೀಧರ್ ಅವರಿಗೆ ಫೋನಿನಲ್ಲಿ ಒಂದು ಲಿಂಕ್ ಕಳಿಸುವಾಗ, ಆ ಹೆಬ್ಬೆರಳು ಶ್ರೀಧರ್ ಹೆಸರನ್ನೂ ಒತ್ತಿತು, ಅದರ ಕೆಳಗಿದ್ದ ಹೆಸರನ್ನೂ ಒತ್ತಿತು. ಕೆಳಗಿದ್ದದ್ದು ‘ನೀರು ಬಂತಾ?’ ಎಂಬ ವಾಟ್ಸಾಪ್ ಗುಂಪು. ಮುನೀಂದ್ರನ ಬೀದಿಯ ಅಷ್ಟೂ ಮನೆಯವರು ಅದರಲ್ಲಿದ್ದರು.

ಆ ಲಿಂಕಿನಲ್ಲಿ ಇದ್ದದ್ದು ಆ ಬೀದಿಯವರೇ.

ಮುನೀಂದ್ರ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ಸ್ಟೋರ್ ನೋಡಿಕೊಳ್ಳುವವನು, ಬಿಡುವಾದಾಗ ಕತೆ ಬರೆಯುವವನು. ಎರಡು ವರ್ಷದ ಹಿಂದೆ ಶ್ರೀಧರ್ ಅವನ ಕತೆಗಳನ್ನು ಓದಿ, “ಏನ್ರೀ ಇದು, ನಿಮ್ಮ ಕತೇಲಿ ಗಂಡ ಹೆಂಡ್ತಿ ಜಗಳಾನೂ ತಾಲ್ಲೂಕು ಆಫೀಸಿನ ನೋಟೀಸ್ ಥರ ಇದೆಯಲ್ಲ! ಜನ ಹೇಗೆ ಮಾತಾಡ್ತಾರೋ ಕೇಳಿಸ್ಕೊಳ್ಳಿ. ಒಳ್ಳೊಳ್ಳೆ ಮಾತು ಕೂಡಿಡಿ. ಆಮೇಲೆ ಕಾದಂಬರಿ ವಿಚಾರ ನೋಡೋಣ” ಎಂದಿದ್ದರು.

ಅಂದಿನಿಂದ ಮುನೀಂದ್ರನ ಕಿವಿ ನೆಟ್ಟಗಾಯಿತು. ಮೊದಲು ಬಸ್ ಟಿಕೆಟ್ಟಿನ ಹಿಂದೆ, ಮಾತ್ರೆ ಕವರಿನ ಮೇಲೆ ಬರೆದುಕೊಳ್ಳುತ್ತಿದ್ದ. ಒಂದು ದಿನ ಹೆಂಡತಿ ರೂಪ ಜೇಬು ನೋಡದೆ ಅಂಗಿಯನ್ನು ಮೆಷಿನ್ನಿಗೆ ಹಾಕಿದಳು. ಎರಡು ತಿಂಗಳ ಸಂಭಾಷಣೆ ಬಿಳಿ ಉಂಡೆಯಾಗಿ ಹೊರಬಂತು. ಆಗ ಅವನ ಕೈಹಿಡಿದದ್ದು ಕಾರ್ಖಾನೆಯ ಅಕೌಂಟ್ಸಿನ ಯಶಸ್ವಿನಿ. “ಸಾರ್, ಯಾವ ಕಾಲದಲ್ಲಿದೀರಾ ನೀವು?” ಎಂದು, ತನ್ನ ಅಕೌಂಟಿನಲ್ಲೇ ಒಂದು ಶೀಟ್ ತೆರೆದು ಅವನ ಫೋನಿಗೆ ಕಳಿಸಿದಳು. ಮಾತು, ಆಡಿದವರು, ಜಾಗ, ಭಾವ ಎಂದು ನಾಲ್ಕು ಕಾಲಂ. ಮೈಕ್ ಒತ್ತಿ ಪಿಸುಗುಟ್ಟಿದರೆ ಅದೇ ಟೈಪ್ ಮಾಡಿಕೊಳ್ಳುತ್ತಿತ್ತು. ‘ಹೊಟ್ಟೆಕಿಚ್ಚು’ ಎಂದು ಹುಡುಕಿದರೆ ಹೊಟ್ಟೆಕಿಚ್ಚಿನ ಮಾತುಗಳೆಲ್ಲ ರೇಷನ್ ಅಂಗಡಿಯ ಮುಂದೆ ನಿಂತಹಾಗೆ ಸಾಲಾಗಿ ನಿಲ್ಲುತ್ತಿದ್ದವು. ಪುಸ್ತಕವಾಗುವಾಗ ಹೆಸರು ಬದಲಾಯಿಸಿದರಾಯಿತು ಎಂದು ಮುನೀಂದ್ರ ಎಲ್ಲರ ನಿಜವಾದ ಹೆಸರನ್ನೇ ಹಾಕಿದ್ದ.

ಸಂಜೆ ಕೋಲಾರಕ್ಕೆ ಹೋಗುವ ದಾರಿಯಲ್ಲಿ ಶ್ರೀಧರ್ ಮನೆಗೆ ಬಂದು ಮಾತಾಡುವುದಾಗಿ ಹೇಳಿದ್ದರು. ಅದಕ್ಕೇ ಈ ಲಿಂಕು.

ವ್ಯಾನ್ ಹತ್ತಿ ಕೂತ ಮೇಲೆ ಮುನೀಂದ್ರ ಗುಂಪು ನೋಡಿದ. ಆತುರದಲ್ಲಿ ಆ ಮೆಸೇಜನ್ನು ಅಳಿಸಿದ. ಅದು ಕಾಣದಂತಾಯಿತು. ದೊಡ್ಡ ಉಸಿರು ಬಿಟ್ಟ. ಅಳಿಸಿದ್ದು ಎಲ್ಲರ ಫೋನಿನಿಂದಲ್ಲ, ತನ್ನ ಫೋನಿನಿಂದ ಮಾತ್ರ ಎಂದು ಗೊತ್ತಾದದ್ದು ಆಫೀಸಿಗೆ ಹೋಗಿ ಕಂಪ್ಯೂಟರಿನಲ್ಲಿ ಶೀಟ್ ತೆರೆದಾಗ.

ಶೀಟಿನ ಮೇಲ್ಗಡೆ ಒಂದು ಮೃಗಾಲಯವೇ ನೆರೆದಿತ್ತು. ಲಿಂಕ್ ಒತ್ತಿ ಒಳಗೆ ಬಂದವರ ಹೆಸರು ತೋರಿಸದೆ ಒಬ್ಬೊಬ್ಬರಿಗೂ ಒಂದೊಂದು ಪ್ರಾಣಿಯ ಚಿತ್ರ ಕೊಡುವುದು ಆ ಸಾಫ್ಟ್‌ವೇರಿನ ಪದ್ಧತಿ. ಅನಾಮಿಕ ಒಂಟೆ, ಅನಾಮಿಕ ಕರಡಿ, ಅನಾಮಿಕ ಕಪ್ಪೆ, ಅನಾಮಿಕ ನರಿ. ಓದುವುದಷ್ಟೇ ಅಲ್ಲ, ತಿದ್ದುವುದಕ್ಕೂ ಲಿಂಕಿನಲ್ಲಿ ಅನುಮತಿಯಿತ್ತು. ಮುನೀಂದ್ರ ನೋಡನೋಡುತ್ತಿದ್ದ ಹಾಗೆ, ಮೂಲೆಮನೆಯ ಸುನಿಲ್‌ಕುಮಾರ್ ಆಡಿದ ಒಂದು ಮಾತು ಬಾಲದಿಂದ ಒಂದೊಂದೇ ಅಕ್ಷರ ಕರಗತೊಡಗಿತು. “ನಮ್ಮನೆಯೋಳು ತೌರಿಗೆ ಹೋದ್ರೆ ಸಿಲಿಂಡ್ರೂ ಜಾಸ್ತಿ ದಿನ ಬರುತ್ತೆ, ಆಯಸ್ಸೂ ಜಾಸ್ತಿ ದಿನ ಬರುತ್ತೆ” ಎಂದಿದ್ದದ್ದು, “ನಮ್ಮನೆಯೋಳು ತೌರಿಗೆ ಹೋದ್ರೆ ನಂಗೆ ಊಟಾನೇ ಸೇರಲ್ಲ” ಎಂದಾಯಿತು. ಭಾವದ ಕಾಲಮ್ಮಿನಲ್ಲಿ ‘ನೆಮ್ಮದಿ’ ಹೋಗಿ ‘ವಿರಹ’ ಬಂತು.

ಮುನೀಂದ್ರ ಯಶಸ್ವಿನಿಗೆ ಫೋನ್ ಮಾಡಿದ. ಅವಳು ಚಿಂತಾಮಣಿಯಲ್ಲಿ ಅಕ್ಕನ ಮದುವೆಯಲ್ಲಿದ್ದಳು. ಹಿಂದೆ ನಾದಸ್ವರ.

“ಯಶಸ್ವಿನೀ, ಆ ಶೀಟಿಗೆ ಯಾರೂ ಬರ್ದೇ ಇರೋ ಹಂಗೆ ಬೀಗ ಹಾಕಮ್ಮಾ!”

“ಸಾರ್, ನನ್ ಅಕೌಂಟಿಂದ್ಲೇ ಮಾಡ್ಬೇಕು. ಈಗ ಧಾರೆ ಟೈಮು, ಕೈಯಲ್ಲಿ ಕಳಶ ಇದೆ. ಆಮೇಲೆ ಮಾಡ್ತೀನಿ ಸಾರ್!”

ಫೋನ್ ಇಡುತ್ತಿದ್ದಂತೆ ಪಕ್ಕದ ಮನೆಯ ರಾಮಾಂಜಿನಪ್ಪನ ಕರೆ ಬಂತು. ಅವರ ಬಗ್ಗೆ, ಅವರಿಂದಾಚೆ ಪಕ್ಕದ ಮನೆಯ ಅನುಸೂಯಮ್ಮ ಆಡಿದ ಮಾತು ಶೀಟಿನ ಮೊದಲ ಸಾಲಿನಲ್ಲೇ ಇತ್ತು: “ರಾಮಾಂಜಿನಪ್ಪ ನಮ್ಮನ್ನ ನೋಡಿ ನಕ್ಕ ಅಂದ್ರೆ, ಬರೋ ತಿಂಗಳು ಅವನ ಕಾಂಪೌಂಡು ನಮ್ ಕಡೆ ಒಂದಡಿ ನಡ್ಕೊಂಡು ಬರ್ತದೆ.” ಮುನೀಂದ್ರ ಕಣ್ಣು ಮುಚ್ಚಿಕೊಂಡು ಹಲೋ ಎಂದ.

“ಮುನೀಂದ್ರಪ್ಪಾ, ನ್ಯಾಯವಾಗಿ ಹೇಳು” ಎಂದರು ರಾಮಾಂಜಿನಪ್ಪ. “ಅನುಸೂಯಮ್ಮಂದು ಅಷ್ಟುದ್ದ ಮಾತವೆ. ನಂದು ಬರೀ ಮೂರು! ಅದ್ರಲ್ಲೂ ಒಂದು ‘ಮೋಟ್ರು ಆನ್ ಮಾಡು’ ಅಂತ. ನಾನೇನು ಮೂಗನಾ? ಇಷ್ಟು ವರ್ಷದಿಂದ ಪಕ್ಕದಲ್ಲೇ ಇವ್ನಿ, ಒಂದು ಒಳ್ಳೆ ಮಾತೂ ಆಡ್ಲಿಲ್ವಾ ನಾನು?”

“ಅದು ಹಂಗಲ್ಲ ರಾಮಾಂಜಿನಣ್ಣಾ...”

“ಆಯ್ತು ಬಿಡು, ನಾನೇ ಸೇರಿಸ್ಕೊಂತೀನಿ. ಇದ್ರಲ್ಲಿ ಕಪ್ಪೆ ಅಂತ ಬರ್ತೈತಲ್ಲ, ಅದು ನಾನೇನಾ? ಬದಲಾಯಿಸಿ ಹುಲಿ ಮಾಡಕ್ಕಾಗಲ್ವಾ?”

ಅವರ ನಂತರ ಅನುಸೂಯಮ್ಮನೇ ಮಾಡಿದರು. “ಲೋ ಮುನೀಂದ್ರಾ, ನಾನಾಡಿದ್ದು ನಿಜ, ಇಲ್ಲ ಅನ್ನಲ್ಲ. ಆದ್ರೆ ಭಾವ ಅನ್ನೋ ಕಡೆ ಉದ್ದಕ್ಕೂ ಹೊಟ್ಟೆಕಿಚ್ಚು, ಹೊಟ್ಟೆಕಿಚ್ಚು ಅಂತ ಹಾಕಿದೀಯಲ್ಲೋ. ನೋಡ್ದೋರು ಏನನ್ಕೊಂತಾರೆ? ಒಂದು ಕಡೆಯಾದ್ರೂ ಕರುಣೆ ಅಂತ ಹಾಕ್ಬಾರ್ದಾ?”

ಹೊಡೆದಾಟ ಆಗುತ್ತದೆ ಎಂದುಕೊಂಡಿದ್ದ ಮುನೀಂದ್ರನಿಗೆ ಇದು ವಿಚಿತ್ರವಾಗಿ ಕಂಡಿತು. ಅಷ್ಟರಲ್ಲಿ, ಬೆಳಿಗ್ಗೆಯಿಂದ ಶೀಟನ್ನು ಸುಮ್ಮನೆ ಓದುತ್ತಾ ಕೂತಿದ್ದ ಇನ್ನೊಂದು ಪ್ರಾಣಿ ಬಾಯಿ ತೆರೆಯಿತು. ಅನಾಮಿಕ ಮೊಸಳೆ.

ಮೊಸಳೆ ಏನನ್ನೂ ತಿದ್ದಲಿಲ್ಲ. ಕಾಂಪೌಂಡಿನ ಮಾತಿನ ಕೆಳಗೆ ಒಂದೇ ಒಂದು ಪ್ರಶ್ನೆ ಬರೆಯಿತು: “ಕಾಂಪೌಂಡು ನಿಜವಾಗಿಯೂ ಒಂದಡಿ ಬಂತೇ?”

ಅನುಸೂಯಮ್ಮನಿಗೆ ಇಷ್ಟು ವರ್ಷದಲ್ಲಿ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ಬೀದಿಯವರೆಲ್ಲ ಕತೆ ಶುರುವಾಗುತ್ತಿದ್ದಂತೆ ಗ್ಯಾಸ್ ಮೇಲೆ ಹಾಲಿಟ್ಟಿದ್ದು ನೆನಪು ಮಾಡಿಕೊಂಡು ಒಳಗೆ ಹೋಗುತ್ತಿದ್ದರು. ಅವರಿಗೆ ಸಿಕ್ಕಿದ್ದ ಕರಡಿಯ ಗುರುತಿನ ಕೆಳಗೆ ಉತ್ತರ ಮಳೆಗಾಲದ ಕೋಡಿಯಂತೆ ಹರಿಯಿತು. ಅದಕ್ಕೆ ಕಪ್ಪೆ ಜವಾಬು ಕೊಟ್ಟಿತು. ಮೊಸಳೆ ಮತ್ತೆ ಕೇಳಿತು: “ಅಳತೆಗೆ ಬಂದ ಸರ್ವೇಯರ್ ಊಟ ಮಾಡಿದ್ದು ಯಾರ ಮನೆಯಲ್ಲಿ?” ಬಾಡೂಟ ಹಾಕಿದ್ದು ತಾನೇ ಎಂದು ರಾಮಾಂಜಿನಪ್ಪ ಉತ್ಸಾಹದಲ್ಲಿ ಒಪ್ಪಿಕೊಂಡುಬಿಟ್ಟರು, ಆದರೆ ಸರ್ವೇಯರ್ ಅದಕ್ಕಿಂತ ಮೊದಲೇ ಅನುಸೂಯಮ್ಮನ ಮನೆಯಲ್ಲಿ ಒಬ್ಬಟ್ಟು ತಿಂದು ಬಂದಿದ್ದ ಎಂಬ ಸಂಗತಿಯನ್ನೂ ಸೇರಿಸಿದರು. ಉಳಿದ ಪ್ರಾಣಿಗಳು ನಗುವ ಮುಖಗಳನ್ನು ಸುರಿದವು. ಯಾರು ಯಾರಿಗೋ ಹೇಳದೆ ಬಿಟ್ಟಿದ್ದ ಎಷ್ಟೋ ವಿಷಯಗಳು ಮೊಸಳೆ “ಆಮೇಲೆ?” ಎಂದದ್ದೇ ತಡ ಹೊರಗೆ ಬಂದವು.

ಈ ಮೊಸಳೆ ಯಾರು? ಮಧ್ಯಾಹ್ನದ ಹೊತ್ತಿಗೆ ಬೀದಿಗೆ ಅದೊಂದೇ ಚಿಂತೆ. ಮುನೀಂದ್ರನಿಗೂ ಅದೇ. ಬೋಲ್ಟು ಕೇಳಲು ಬಂದವರಿಗೆ ನಟ್ಟು ಕೊಟ್ಟು ಕಳಿಸುತ್ತಾ ತೆರೆಯ ಮುಂದೆಯೇ ಕೂತಿದ್ದ. ತಡೆಯಲಾರದೆ ರೂಪಳಿಗೆ ಫೋನ್ ಮಾಡಿದ.

“ಲೇ ರೂಪಾ, ಮೊಸಳೆ ನೀನೇನಾ?”

“ಯಾರನ್ನ ಮೊಸಳೆ ಅಂತೀರಾ?” ಫೋನ್ ಕಟ್ಟಾಯಿತು.

ಊಟದ ನಂತರ ಮೊಸಳೆ ಸುನಿಲ್‌ಕುಮಾರನ ಸಾಲಿಗೆ ಬಂತು. “ಹೆಂಡತಿ ತವರಿಗೆ ಹೋದಾಗ ಸಿಲಿಂಡರ್ ಉಳಿಯುತ್ತದೆ ಎಂದು ಬೆಳಿಗ್ಗೆ ಇಲ್ಲಿತ್ತು. ಹಾಗಾದರೆ ಊಟ ಎಲ್ಲಿ?”

ಉತ್ತರ ಬರಲಿಲ್ಲ. ಬಂದದ್ದು ಮುನೀಂದ್ರನಿಗೆ ಸುನಿಲ್‌ಕುಮಾರನ ಫೋನು.

“ಸಾರ್, ನಮ್ಮನೆಯೋಳು ಫೋನ್ ಹಿಡ್ಕೊಂಡು ಎದ್ರಿಗೇ ಕೂತವ್ಳೆ. ಎಲ್ಲಿ ಊಟ, ಎಲ್ಲಿ ಊಟ ಅಂತ ಒಂದೇ ರಾಗ. ನಮ್ಮಕ್ಕನ ಮನೇಲಿ ಊಟ ಮಾಡ್ತಿದ್ದೆ ಅಂದ್ರೆ ಅದಕ್ಕಿಂತ ದೊಡ್ಡ ಜಗಳ. ಅವರಿಬ್ಬರಿಗೂ ಮಾತಿಲ್ಲ! ಸಂಜೆ ಒಳಗೆ ಆ ಮೊಸಳೆ ಹಿಡ್ದುಕೊಡಿ. ಇಲ್ದಿದ್ರೆ ಸ್ಟೇಷನ್ನಿಗೆ ಹೋಗಿ ನಿಮ್ ಮೇಲೇ ಕಂಪ್ಲೇಂಟ್ ಕೊಡ್ತೀನಿ.”

ಸ್ಟೇಷನ್ ಎಂದ ಕೂಡಲೇ ಮುನೀಂದ್ರನ ಸಾಹಿತ್ಯ ಆವಿಯಾಯಿತು. ಯಶಸ್ವಿನಿ ಫೋನ್ ಎತ್ತಲಿಲ್ಲ. ಅವಳಿಗೆ ಅಳುವ ದನಿಯಲ್ಲಿ ವಾಯ್ಸ್ ಮೆಸೇಜ್ ಬಿಟ್ಟ: “ಬೀಗಗೀಗ ಏನೂ ಬೇಡಮ್ಮಾ. ಪೂರ್ತಿ ಅಳಿಸಿಬಿಡು. ಗುರುತೂ ಉಳೀಬಾರ್ದು. ನಿನ್ ಕಾಲಿಗೆ ಬೀಳ್ತೀನಿ.” ಆಮೇಲೆ ಅರ್ಧ ದಿನ ರಜೆ ಬರೆದುಕೊಟ್ಟು ಆಟೋ ಹತ್ತಿದ.

ಬೀದಿಯವರೆಲ್ಲ ರಾಮಾಂಜಿನಪ್ಪನ ಮನೆಯ ಕಟ್ಟೆಯ ಹತ್ತಿರ ಸೇರಿದ್ದರು. ಬೆಳಿಗ್ಗೆ ಕಾಂಪೌಂಡಿಗಾಗಿ ಕಿತ್ತಾಡಿದ್ದ ಕರಡಿಯೂ ಕಪ್ಪೆಯೂ ಒಂದೇ ತಟ್ಟೆಯಲ್ಲಿ ಕಡಲೆಕಾಯಿ ಬಿಡಿಸುತ್ತಾ ಪತ್ತೇದಾರಿಕೆಯಲ್ಲಿ ಮುಳುಗಿದ್ದರು.

“ಉಪಾಯ ಐತೆ” ಎಂದರು ಅನುಸೂಯಮ್ಮ. “ಎಲ್ರೂ ಫೋನ್ ಕಟ್ಟೆ ಮೇಲಿಡ್ರಪ್ಪಾ. ಕೈ ಹಿಂದಕ್ಕೆ ಕಟ್ಕೊಳಿ. ಮೊಸಳೆ ಸುಮ್ಕಾದ್ರೆ ನಮ್ಮಲ್ಲೇ ಒಬ್ರು.”

ಎಲ್ಲರೂ ಇಟ್ಟರು. ರೂಪಳೂ ಬಂದು ಇಟ್ಟು, ಗಂಡನನ್ನೊಮ್ಮೆ ದುರುಗುಟ್ಟಿ ನೋಡಿ ಕೈ ಕಟ್ಟಿ ನಿಂತಳು. ಮುನೀಂದ್ರನ ಫೋನೊಂದನ್ನು ಮಾತ್ರ, ಶೀಟ್ ತೆರೆದು, ಎಲ್ಲರಿಗೂ ಕಾಣುವಂತೆ ನಡುವೆ ನಿಲ್ಲಿಸಿದರು. ಎಲ್ಲರ ತಲೆಯೂ ಅದರ ಕಡೆ ಬಾಗಿತು.

ತೆರೆಯ ಮೇಲೆ ಅಕ್ಷರಗಳು ಮೂಡಿದವು: “ಯಾಕೆ, ಎಲ್ಲರೂ ಸುಮ್ಮನಾಗಿಬಿಟ್ಟಿರಿ?”

“ಅಯ್ಯಪ್ಪಾ!” ಸುನಿಲ್‌ಕುಮಾರ್ ಎರಡು ಹೆಜ್ಜೆ ಹಿಂದೆ ಸರಿದ. “ಇದು ಮನುಷ್ಯರ ಕೆಲಸ ಅಲ್ಲ ಗುರೂ.”

ಅದೇ ಹೊತ್ತಿಗೆ ಬೀದಿಯ ತಿರುವಿನಲ್ಲಿ ಒಂದು ಕಾರು ನಿಂತಿತು. ಜುಬ್ಬಾ ತೊಟ್ಟ ಒಬ್ಬರು ಇಳಿದು, ಫೋನಿನಿಂದ ತಲೆಯೆತ್ತದೆ ಬೆರಳಾಡಿಸುತ್ತಲೇ ನಡೆದು ಬಂದರು. ಅವರ ಬೆರಳು ಆಡಿದಾಗಲೆಲ್ಲ ಕಟ್ಟೆಯ ಮೇಲಿನ ತೆರೆಯಲ್ಲಿ ಒಂದೊಂದು ಅಕ್ಷರ ಮೂಡುತ್ತಿತ್ತು. ಅನುಸೂಯಮ್ಮ ಆ ಬೆರಳನ್ನು ನೋಡಿದರು, ತೆರೆಯನ್ನು ನೋಡಿದರು.

“ಮೊಸಳೇ!” ಎಂದು ಕೂಗಿದರು.

“ನಮಸ್ಕಾರ. ಶ್ರೀಧರ್ ಅಂತ” ಎಂದರು ಆತ. “ಪುಸ್ತಕ ಪ್ರಕಾಶಕ. ಕ್ಷಮಿಸ್ಬೇಕು. ಬೆಳಿಗ್ಗೆ ಸುಮ್ನೆ ಕಣ್ಣಾಡಿಸೋಣ ಅಂತ ತೆಗೆದೆ. ಬಿಡಕ್ಕೇ ಆಗ್ಲಿಲ್ಲ. ಇವತ್ತು ಬೇರೆ ಕೆಲಸಾನೇ ಮಾಡಿಲ್ಲ ನಾನು.” ಮುನೀಂದ್ರನ ಎರಡೂ ಕೈ ಹಿಡಿದುಕೊಂಡರು. “ಮುನೀಂದ್ರ ಅವರೇ, ಕಾದಂಬರಿ ಬೇಡ ಬಿಡಿ. ಇದೇ ಪುಸ್ತಕ! ನೀವು ಕೂಡಿಟ್ಟ ಮಾತು, ಅದರ ಕೆಳಗೆ ಇವರು ಇವತ್ತು ಬರೆದದ್ದು. ಮುಖಪುಟದಲ್ಲಿ ನಿಮ್ಮ ಹೆಸರು. ಇವರೆಲ್ಲ ಒಪ್ಪಿದ್ರೆ ಮುಂದಿನ ತಿಂಗಳೇ ಅಚ್ಚು.”

ಮುನೀಂದ್ರ ಬೀದಿಯವರ ಕಡೆ ತಿರುಗಿದ.

ರಾಮಾಂಜಿನಪ್ಪ ಗಂಟಲು ಸರಿಮಾಡಿಕೊಂಡರು. “ನಂದೇನೂ ಅಭ್ಯಂತರ ಇಲ್ಲ. ಫೋಟೋ ಹಾಕ್ತೀರಾ?” ಅನುಸೂಯಮ್ಮ ಕರುಣೆಯ ವಿಚಾರವನ್ನು ಮತ್ತೊಮ್ಮೆ ಎತ್ತಿ, ಆ ಷರತ್ತಿನ ಮೇಲೆ ಒಪ್ಪಿದರು. ಸುನಿಲ್‌ಕುಮಾರನೂ ಊಟದ ಪ್ರಶ್ನೆಯೊಂದನ್ನು ಕೈಬಿಟ್ಟರೆ ಕಂಪ್ಲೇಂಟ್ ಇಲ್ಲ ಎಂದ. ಮುನೀಂದ್ರ ಎಲ್ಲರಿಗೂ ಕೈಮುಗಿದ. ರೂಪ ಕಾಫಿ ತರಲು ಹೊರಟವಳು ತಿರುಗಿ ನೋಡಿ ನಕ್ಕಳು.

“ನನಗೆ ತುಂಬಾ ಇಷ್ಟವಾದ ಒಂದು ಜಾಗ ಓದ್ತೀನಿ, ಕೇಳಿ” ಎಂದು ಶ್ರೀಧರ್ ಕನ್ನಡಕ ಏರಿಸಿ ಫೋನ್ ನೋಡಿದರು. ಹುಬ್ಬು ಗಂಟಾಯಿತು. ಬೆರಳಿನಿಂದ ಕೆಳಗೆಳೆದರು, ಮೇಲೆಳೆದರು. “ಇದೇನ್ರೀ? ನೀವು ಕೇಳಿದ ಫೈಲ್ ಇಲ್ಲ ಅಂತ ತೋರಿಸ್ತಿದೆಯಲ್ಲ.”

ಕಟ್ಟೆಯ ಮೇಲೆ ಮುನೀಂದ್ರನ ಫೋನ್ ಟಿಂಗ್ ಎಂದಿತು. ಯಶಸ್ವಿನಿಯ ಮೆಸೇಜು.

“ಸಾರ್, ಊಟಕ್ಕೂ ಕೂರದೆ ನಿಮ್ಮ ಕೆಲಸ ಮುಗಿಸಿದೆ. ಫೈಲ್ ಡಿಲೀಟ್. ಟ್ರ್ಯಾಶೂ ಖಾಲಿ. ಒಂದು ಗುರುತೂ ಉಳಿದಿಲ್ಲ. ನೆಮ್ಮದಿಯಾಗಿರಿ.” ಪಕ್ಕದಲ್ಲಿ ಒಂದು ಹೂವಿನ ಚಿತ್ರ.

“ನಿಮ್ಮ ಹತ್ರ ಇನ್ನೊಂದು ಕಾಪಿ ಇಲ್ವೇನ್ರೀ?” ಎಂದರು ಶ್ರೀಧರ್.

“ನಿಮ್ಮ ಹತ್ರ?” ಎಂದ ಮುನೀಂದ್ರ.

“ನಿಮ್ಮನ್ನ ಕೇಳ್ದೆ ಹೇಗೆ ತಗೊಳ್ಳೋದು? ಅದನ್ನ ಕೇಳಕ್ಕೇ ಬಂದೆ.” ಅವರೇ ಧೈರ್ಯ ತಂದುಕೊಂಡರು. “ಇರಲಿ ಬಿಡಿ. ಮಾತಾಡ್ದೋರೆಲ್ಲ ಇಲ್ಲೇ ಇದಾರಲ್ಲ. ಇನ್ನೊಂದ್ಸಲ ಹೇಳ್ಲಿ, ಬರ್ಕೊಳ್ಳೋಣ. ಅಮ್ಮಾ, ಆ ಸರ್ವೇಯರ್ ಬಂದಿದ್ನಲ್ಲ, ಅಲ್ಲಿಂದ ಶುರು ಮಾಡಿ.”

ಅನುಸೂಯಮ್ಮ ರಾಮಾಂಜಿನಪ್ಪನ ಮುಖ ನೋಡಿದರು. ರಾಮಾಂಜಿನಪ್ಪ ಅನುಸೂಯಮ್ಮನ ಮುಖ ನೋಡಿದರು. ದಾಖಲೆ ಇಲ್ಲ ಎಂಬುದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು.

“ಯಾವ ಸರ್ವೇಯರಪ್ಪಾ?” ಎಂದರು ಅನುಸೂಯಮ್ಮ. “ನಾನು ಯಾರ ಸುದ್ದಿಗೂ ಹೋಗೋಳಲ್ಲ.”

“ನಮ್ ಬೀದೀಲಿ ಅಂಥದ್ದೇನೂ ಇಲ್ಲ ಸಾರ್” ಎಂದರು ರಾಮಾಂಜಿನಪ್ಪ. “ಎಲ್ಲಾ ಒಂದೇ ಮನೆಯೋರ ಥರ.”

ಸುನಿಲ್‌ಕುಮಾರ್ ಆಗಲೇ ಅಲ್ಲಿರಲಿಲ್ಲ.

ಶ್ರೀಧರ್ ಕಾಫಿ ಕುಡಿಯುವಷ್ಟು ಹೊತ್ತೂ ಬೀದಿಯವರು ಈ ಸಲದ ಬಿಸಿಲು, ಟೊಮೇಟೊ ಬೆಲೆ, ಮಕ್ಕಳ ಓದು ಎಂದು ಸಭ್ಯವಾಗಿ, ಸಪ್ಪೆಯಾಗಿ ಮಾತಾಡಿದರು. ಶ್ರೀಧರ್ ಒಂದಕ್ಕೂ ಫೋನ್ ತೆಗೆಯಲಿಲ್ಲ. “ಮತ್ತೆ ಯಾವಾಗಾದ್ರೂ ಏನಾದ್ರೂ ಬರೆದ್ರೆ ತಿಳಿಸಿ” ಎಂದು ಮುನೀಂದ್ರನ ಬೆನ್ನು ತಟ್ಟಿ ಕೋಲಾರದ ಕಡೆ ಹೊರಟುಹೋದರು.

ಕಾರು ತಿರುವಿನಲ್ಲಿ ಮರೆಯಾಗಿದ್ದೇ ತಡ, ಅನುಸೂಯಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

“ಆ ಮೊಸಳೆ ಕಾಫಿ ಕುಡ್ದಿದ್ದು ನೋಡಿದ್ರಾ? ಲೋಟಕ್ಕೆ ಜ್ವರ ಐತೇನೋ ಅಂತ ಡಾಕ್ಟ್ರು ನೋಡ್ದಂಗೆ! ಅದಿರ್ಲಿ, ಆ ಸರ್ವೇಯರ್ ವಿಷ್ಯದಲ್ಲಿ ನಾನು ಬೆಳಿಗ್ಗೆ ಬರೀದೇ ಬಿಟ್ಟಿದ್ದು ಒಂದೈತೆ. ಅದೇ ಅಸಲು ಕತೆ.”

ಮುನೀಂದ್ರನ ಕೈ ತಾನಾಗಿಯೇ ಫೋನಿನ ಕಡೆ ಹೋಯಿತು.

ಅನುಸೂಯಮ್ಮ ಮಾತು ನಿಲ್ಲಿಸಿದರು. “ಅದನ್ನ ಒಳಗಿಟ್ಟು ಬಾ. ಆಮೇಲೆ ಹೇಳ್ತೀನಿ.”

ಮುನೀಂದ್ರ ಫೋನ್ ನೋಡಿದ, ಅನುಸೂಯಮ್ಮನನ್ನು ನೋಡಿದ. ಎದ್ದು ಮನೆಗೆ ಓಡಿ, ಫೋನನ್ನು ಟಿವಿಯ ಮೇಲಿಟ್ಟು, ಚಪ್ಪಲಿಯನ್ನೂ ಹಾಕಿಕೊಳ್ಳದೆ ವಾಪಸ್ಸು ಬಂದು ಕಟ್ಟೆಯ ಮೇಲೆ ಜಾಗ ಮಾಡಿಕೊಂಡು ಕೂತ.

“ಇಟ್ಟೆ. ಆಮೇಲೆ?” ಎಂದ.